ಬೆಣ್ಣೆ ಮನೆಯಲ್ಲಿಟ್ಟು ಹೊಳಪಿಗೆ ಅಲೆಯುವುದೇ?

ಕೃಷಿಕರ ಪತ್ರಿಕೆಯಲ್ಲಿ ಕೇಕಿನ ಮಾತೇಕೆ ಅಂತ ಕೆಲವರು ಹುಬ್ಬೇರಿಸಬಹುದು. ಕೇಕು ಪಟ್ಟಣದವರ ತಿಂಡಿ ಅನ್ನುವ ಕಾಲ ಹೋಯಿತು. ನಮ್ಮ ಕಳವಾರದಲ್ಲಿ ಈಗ ಮಗುವಿನ ಹುಟ್ಟುಹಬ್ಬ ಇದ್ದರೆ ಪಾಯಸ ಇಲ್ಲದಿದ್ದರೂ ನಡೆಯುತ್ತೆ, ಕೇಕು ಇಲ್ಲದಿದ್ದರೆ ನಡೆಯೋದಿಲ್ಲ. ಕೂಲಿಗೆ ಹೋಗುವ ಮನೆಯಲ್ಲೂ ಸಂಜೆ ಒಂದು ಡಬ್ಬ ಬರುತ್ತೆ. ಆ ಡಬ್ಬದೊಳಗೆ ಇರೋದು ಕನ್ನಡಿ ಹಾಗೆ ಹೊಳೆಯುವ ಕಪ್ಪು ಕೇಕು. ನಾವು ದುಡ್ಡು ಕೊಟ್ಟು ತಿನ್ನುವ ಆ ಹೊಳಪು ಏನು, ಅದು ಯಾರ ಬೆಳೆ ಅನ್ನೋದು ರೈತರ ಪ್ರಶ್ನೆಯೇ.

ಈ ಪ್ರಶ್ನೆ ನನಗೆ ಬಂದಿದ್ದು ಮಗಳಿಂದ. 2020ರ ಲಾಕ್‌ಡೌನಿನಲ್ಲಿ ನಮ್ಮ ಕಡೆ ದ್ರಾಕ್ಷಿ ಕೇಳೋರಿಲ್ಲದೆ ತೋಟದಲ್ಲೇ ಒಣಗಿತು. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಅವಳು ಕುಕ್ಕರಿನಲ್ಲಿ ಮರಳು ಹಾಕಿ ಕೇಕು ಬೇಯಿಸೋದು ಕಲಿತಳು. ಬೇಕರಿಗಳು ಮುಚ್ಚಿದ್ದವು. ಪಕ್ಕದ ಮನೆಗೆ ಒಂದು, ಅವರ ನೆಂಟರಿಗೆ ಒಂದು ಅಂತ ಶುರುವಾಗಿ, ಈಗ ಅವಳಿಗೆ ಒಂದು ಸಣ್ಣ ಓವನ್ನು, ನೋಂದಣಿ ಪತ್ರ, ಹತ್ತಾರು ಊರಿನ ಗಿರಾಕಿ ಇದ್ದಾರೆ. ಹಾಲು ಡೈರಿಗೆ ಹಾಕಿದ ದುಡ್ಡು ನನ್ನ ಕೈಗೆ ಬಂದರೆ ಹಿಂಡಿ, ಬೂಸಾಕ್ಕೆ ಹೋಗುತ್ತೆ. ಅವಳ ಕೇಕಿನ ದುಡ್ಡು ಮನೆಗೆ ನಿಲ್ಲುತ್ತೆ. ಆದ್ದರಿಂದ ನಾನು ಇದನ್ನು ಆಟ ಅಂತ ತಿಳಿದಿಲ್ಲ.

ವಾಪಸು ಬಂದ ಕೇಕು

ಒಂದು ಏಪ್ರಿಲ್‌ನಲ್ಲಿ ಅವಳಿಗೆ ಆಸೆ ಹುಟ್ಟಿತು. ಎಲ್ಲರೂ ಹಾಕುವ ಅಗ್ಗದ ಗಟ್ಟಿ ಬೇಡ, ನಿಜವಾದ ಚಾಕೊಲೇಟು ಹಾಕೋಣ ಅಂತ ಹೆಚ್ಚು ದುಡ್ಡು ಕೊಟ್ಟು ತಂದಳು. ಕರಗಿಸಿ ಕೇಕಿನ ಮೇಲೆ ಸುರಿದಳು. ಸುರಿದಾಗ ಚೆನ್ನಾಗೇ ಇತ್ತು. ಬೆಳಿಗ್ಗೆ ನೋಡಿದರೆ ಮಂಕು. ಮೇಲೆ ಬೂದಿ ಬಳಿದ ಹಾಗೆ ಬಿಳಿ ಗೆರೆ. ಚಾಕು ಇಟ್ಟರೆ ಬಿಸಿಲಿಗೆ ಒಣಗಿದ ಕೆರೆ ಮಣ್ಣಿನ ಹಾಗೆ ಚೂರು ಚೂರು. ಕೊಂಡವರು ವಾಪಸು ತಂದರು. "ಹಳೇದನ್ನ ಕೊಟ್ಟಿದ್ದೀಯಮ್ಮ, ಬೂಷ್ಟು ಬಂದದೆ" ಅಂದರು. ಬೂಷ್ಟು ಅಲ್ಲ ಅಂತ ಹೇಳಿದರೂ ಅವರು ನಂಬಲಿಲ್ಲ. ದುಡ್ಡು ತಿರುಗಿ ಕೊಟ್ಟಳು. ಆ ಕೇಕನ್ನು ನಾವು ಮನೆಯವರೇ ಎರಡು ದಿನ ತಿಂದೆವು. ರುಚಿಗೆ ಏನೂ ಕಮ್ಮಿ ಇರಲಿಲ್ಲ.

ಮಾರನೇ ವಾರ ಅವಳು ಮತ್ತೆ ಅಗ್ಗದ ಗಟ್ಟಿಗೇ ಹೋದಳು. ಕರಗಿಸಿ ಸುರಿದರೆ ಸಾಕು, ಹೊಳೆಯುತ್ತೆ. ಬಿಸಿಲಿಗೂ ಜಗ್ಗೋದಿಲ್ಲ. ಗಿರಾಕಿ ಖುಷಿ. "ನಿಜವಾದ್ದು ಹೊಳೆಯಲ್ಲಪ್ಪ, ಸುಳ್ಳಿಂದು ಹೊಳೀತದೆ. ನಾನೇನು ಮಾಡ್ಲಿ?" ಅಂದಳು.

ನನಗೆ ಸಿಟ್ಟು ಬಂತು. ಹೊಳಪು ನೋಡಿ ಕೊಳ್ಳೋರಿಗೆ ಯಾಕೆ ತಲೆ ಬಾಗಬೇಕು ಅಂತ ದೊಡ್ಡ ಮಾತಾಡಿದೆ. ಅವಳು ಮೆತ್ತಗೆ ಕೇಳಿದಳು: "ಟೊಮ್ಯಾಟೊ ಪೆಟ್ಟಿಗೇಲಿ ಮೇಲ್ಗಡೆ ದಪ್ಪ ಕಾಯಿ ಒರೆಸಿ ಜೋಡಿಸೋದು ಯಾರು?" ನಾನು ಬಾಯಿ ಮುಚ್ಚಿದೆ. ಜೋಡಿಸೋದು ನಾನೇ. ಮಾರುಕಟ್ಟೆಯಲ್ಲಿ ಪೆಟ್ಟಿಗೆ ತೆಗೆದ ಕೂಡಲೇ ಕೂಗುವ ಬೆಲೆ ಮೇಲಿನ ಪದರಕ್ಕೇ ಅಂತ ಗೊತ್ತಿದ್ದೇ ಜೋಡಿಸೋದು.

ನಮಗೂ ಕಲಿಸಿದ್ದು ಹೊಳಪೇ

ಆದರೆ ಎಲ್ಲ ಮಾಲಿಗೂ ಹೊಳಪೇ ಅಳತೆ ಅಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೀಲರು ಗೂಡನ್ನು ಕೈಯಲ್ಲಿ ಹಿಡಿದು, ಅದುಮಿ, ಅಲುಗಿಸಿ ನೋಡ್ತಾರೆ. ಎಷ್ಟು ಕೆ.ಜಿ. ಗೂಡಿಗೆ ಒಂದು ಕೆ.ಜಿ. ನೂಲು ಬಂದೀತು ಅನ್ನೋದು ಅವರ ಲೆಕ್ಕ. ಬೆಳ್ಳಗಿದ್ದು ನೂಲು ಬಿಚ್ಚದ ಗೂಡಿಗೆ ಯಾರೂ ಬೆಲೆ ಕಟ್ಟೋದಿಲ್ಲ. ಡೈರಿಯಲ್ಲಿ ಹಾಲಿನ ಬಣ್ಣ ಕೇಳೋದಿಲ್ಲ, ಕೊಬ್ಬು ಎಷ್ಟು ಅಂತ ಯಂತ್ರ ಹೇಳುತ್ತೆ. ದ್ರಾಕ್ಷಿಯದಂತೂ ಇನ್ನೂ ತಮಾಷೆ. ನಮ್ಮ ಬೆಂಗಳೂರು ಬ್ಲೂ ಹಣ್ಣಿನ ಮೇಲೆ ತೆಳ್ಳಗೆ ಬೂದಿ ಇರುತ್ತೆ. ಅದು ಹಣ್ಣೇ ಸುರಿಸಿದ ಮೇಣ, ಒಳಗಿನ ನೀರು ಆರದಂತೆ ಕಾಯುತ್ತೆ. ಆ ಬೂದಿ ಅಳಿಸಿದರೆ ಹಣ್ಣು ಫಳಫಳ ಹೊಳೆಯುತ್ತೆ, ಆದರೆ ಬಲ್ಲ ವ್ಯಾಪಾರಿ "ಕೈಯಾಡಿದ ಹಣ್ಣು" ಅಂತ ಬೆಲೆ ಇಳಿಸ್ತಾನೆ. ಚಾಕೊಲೇಟಿನ ಮೇಲೆ ಬರುವ ಬಿಳಿ ಗೆರೆಗೂ ದ್ರಾಕ್ಷಿಯ ಬೂದಿಗೂ ಇಂಗ್ಲಿಷಿನಲ್ಲಿ ಬ್ಲೂಮ್ ಅಂತ ಒಂದೇ ಹೆಸರು. ಒಂದಕ್ಕೆ ಮೆಚ್ಚುಗೆ, ಇನ್ನೊಂದಕ್ಕೆ ವಾಪಸು.

ಚಾಕೊಲೇಟಿನ ಬಿಳಿ ಗೆರೆ ಬೂಷ್ಟಲ್ಲ. ಅದು ಕೋಕೋದ ಬೆಣ್ಣೆ. ಕೋಕೋ ಬೀಜದಲ್ಲಿ ಅರ್ಧದಷ್ಟು ಕೊಬ್ಬು. ಆ ಕೊಬ್ಬು ಸುಮಾರು 34 ಡಿಗ್ರಿ ಶಾಖಕ್ಕೆ ಕರಗುತ್ತೆ. ಅದಕ್ಕೇ ಬಾಯಲ್ಲಿಟ್ಟ ಕೂಡಲೇ ಇಲ್ಲವಾಗೋದು. ಕರಗಿದ್ದು ಮತ್ತೆ ಗಟ್ಟಿಯಾಗುವಾಗ ಹರಳು ಕಟ್ಟುತ್ತೆ. ಕ್ರಮವಾಗಿ ತಣಿಸಿದರೆ ಒಂದೇ ಬಗೆಯ ಸಣ್ಣ ಹರಳು, ಹೊಳಪು, ಮುರಿದರೆ ಟಕ್ ಅನ್ನುವ ಸದ್ದು. ಹೇಗಂದರೆ ಹಾಗೆ ಆರಲು ಬಿಟ್ಟರೆ ಹಲವು ಬಗೆಯ ಹರಳು, ಕೊಬ್ಬು ಮೇಲೆದ್ದು ಬಿಳಿ ಗೆರೆ. ಕಂಪೆನಿಯವರು ಅದನ್ನು 45-50 ಡಿಗ್ರಿಗೆ ಕರಗಿಸಿ, 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ಏರಿಸಿ ಹದ ಮಾಡ್ತಾರೆ. ಏಪ್ರಿಲಿನ ನಮ್ಮ ಅಡುಗೆಮನೆಯೇ 34 ಡಿಗ್ರಿ ಇರುವಾಗ ಆ ಹದ ಎಲ್ಲಿಂದ ಬಂದೀತು? ತಪ್ಪು ಮಗಳದ್ದೂ ಅಲ್ಲ, ಚಾಕೊಲೇಟಿನದ್ದೂ ಅಲ್ಲ.

ಅಗ್ಗದ ಗಟ್ಟಿಗೆ ಈ ರಗಳೆ ಇಲ್ಲ. ಅದಕ್ಕೆ ಕಾಂಪೌಂಡು ಅಂತ ಹೆಸರು. ಅದರಲ್ಲಿ ಕೋಕೋದ ಬೆಣ್ಣೆ ತೆಗೆದು ಗಟ್ಟಿ ಮಾಡಿದ ಗಿಡದೆಣ್ಣೆ ಹಾಕಿರ್ತಾರೆ, ಹೆಚ್ಚಾಗಿ ತಾಳೆಯದ್ದು. ಹೊದಿಕೆ ಓದಿ ನೋಡಿ, ಹೈಡ್ರೋಜನೇಟೆಡ್ ವೆಜಿಟಬಲ್ ಫ್ಯಾಟ್ ಅಂತ ಸಣ್ಣಕ್ಷರದಲ್ಲಿ ಇರುತ್ತೆ. ಅದು ವಿಷ ಅಂತ ನಾನು ಹೇಳೋದಿಲ್ಲ. 2022ರ ಜನವರಿಯಿಂದ ಇಂಥ ಕೊಬ್ಬಿನಲ್ಲಿ ಟ್ರಾನ್ಸ್ ಫ್ಯಾಟ್ ನೂರಕ್ಕೆ 2 ಮೀರಬಾರದು ಅಂತ ಕಾನೂನೇ ಇದೆ. ನನ್ನ ತಕರಾರು ಬೇರೆ. ಮೂರು ಹಸುವಿನ ಮನೆಯಲ್ಲಿ ಕೇಕಿನ ಮೇಲೆ ಹರಿಯೋದು ತಾಳೆ ಎಣ್ಣೆ. ನಮ್ಮ ದೇಶಕ್ಕೆ ಬೇಕಾದ ತಾಳೆ ಎಣ್ಣೆಯಲ್ಲಿ ಹೆಚ್ಚು ಪಾಲು ಬರೋದು ಇಂಡೋನೇಷ್ಯಾ, ಮಲೇಷ್ಯಾಗಳಿಂದ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೂರು ಅಲೆದರು ಅಂತ ಗಾದೆ. ನಾವು ಸಮುದ್ರವನ್ನೇ ದಾಟಿದ್ದೇವೆ.

ಕೋಕೋ ಬೆಳೆದವರೂ ನಮ್ಮವರೇ

ನಮ್ಮ ಬಯಲುಸೀಮೆಯಲ್ಲಿ ಕೋಕೋ ಬೆಳೆಯೋದಿಲ್ಲ. ಅದಕ್ಕೆ ನೆರಳು, ತೇವ ಬೇಕು. ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಮರದ ನಡುವೆ ಬೆಳೀತಾರೆ. ಕಾಯಿ ಒಡೆದು, ಲೋಳೆ ಸಮೇತ ಬೀಜವನ್ನು ಐದಾರು ದಿನ ಹುಳಿ ಬರಿಸಿ, ಒಣಗಿಸಿದರೆ ಮಾತ್ರ ಚಾಕೊಲೇಟಿನ ವಾಸನೆ ಹುಟ್ಟೋದು. 1970ರ ದಶಕದಲ್ಲಿ ಬೆಳೆಯಿರಿ ಬೆಳೆಯಿರಿ ಅಂತ ಹುರಿದುಂಬಿಸಿದ ಖಾಸಗಿ ಕೊಳ್ಳುಗರು, 1980ರ ಹೊತ್ತಿಗೆ ಬೆಲೆ ಕುಸಿದಾಗ ಕೈಚೆಲ್ಲಿದರು. ಆಗ ಆ ಬೀಜ ಕೊಳ್ಳಲು ಮುಂದೆ ಬಂದದ್ದು ರೈತರದೇ ಸಹಕಾರಿ ಸಂಘ ಕ್ಯಾಂಪ್ಕೊ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಅಡಿಕೆಗಾಗಿ ಹುಟ್ಟಿದ ಸಂಘ ಅದು. ಬೀಜ ಕೊಂಡರೆ ಸಾಲದು, ಚಾಕೊಲೇಟನ್ನೂ ನಾವೇ ಮಾಡಬೇಕು ಅಂತ 1986ರಲ್ಲಿ ಪುತ್ತೂರಿನಲ್ಲಿ ಕಾರ್ಖಾನೆ ಕಟ್ಟಿದರು. ಬೆಲೆ ಬಿದ್ದಾಗ ಕೊಳ್ಳುವವನು ಓಡಿಹೋಗೋದು ಏನು ಅಂತ ದ್ರಾಕ್ಷಿ ಬೆಳೆಯುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

2024ರಲ್ಲಿ ಆಫ್ರಿಕಾದ ಐವರಿ ಕೋಸ್ಟ್, ಘಾನಾಗಳಲ್ಲಿ ಬೆಳೆ ಕೆಟ್ಟು, ಕೋಕೋ ಬೆಲೆ ಲೋಕದ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತು. ನಮ್ಮ ಕರಾವಳಿಯ ಬೆಳೆಗಾರರಿಗೂ ಒಂದಿಷ್ಟು ದಿನ ಒಳ್ಳೆ ಬೆಲೆ ಸಿಕ್ಕಿತು. 2025ರಲ್ಲಿ ಮತ್ತೆ ಇಳಿಯಿತು. ಬೆಲೆ ಏರಿದಾಗ ತಿಂಡಿ ಮಾಡುವವರು ಕೋಕೋ ಕಮ್ಮಿ ಮಾಡಿ ಎಣ್ಣೆ ಜಾಸ್ತಿ ಮಾಡೋದು ಸುಲಭ. ಎಣ್ಣೆಯ ರುಚಿಗೆ ನಾಲಿಗೆ ಒಗ್ಗಿಬಿಟ್ಟರೆ ಕೋಕೋ ಬೆಳೆದವನನ್ನು ಆಮೇಲೆ ಯಾರು ಕೇಳ್ತಾರೆ? ಟೊಮ್ಯಾಟೊ ಇಲ್ಲದ ಟೊಮ್ಯಾಟೊ ಸಾಸು ಬಂದರೆ ನಮಗೆ ಹೇಗಿರುತ್ತೋ ಅವರಿಗೂ ಹಾಗೇ.

ಹೊಳಪು ಮನೆಯಲ್ಲೇ ಇತ್ತು

ಸರಿ, ಮಾತು ಸಾಕು, ದಾರಿ ಏನು ಅಂತ ಮಗಳು ಕೇಳಿದಳು. ಎರಡು ತಿಂಗಳು ಅವಳೂ ಅವಳಮ್ಮನೂ ಮಾಡಿ ನೋಡಿದ್ದರ ಸಾರ ಇಷ್ಟು: ಬರೀ ಚಾಕೊಲೇಟು ಸುರಿಯಬೇಡಿ, ಹಾಲಿನ ಕೊಬ್ಬಿನ ಜೊತೆ ಬೆರೆಸಿ ಸುರಿಯಿರಿ. ಕೆನೆಯ ಜೊತೆ ಸೇರಿದ ಮೇಲೆ ಕೋಕೋದ ಬೆಣ್ಣೆಗೆ ಆ ಏರಿಸಿ ಇಳಿಸುವ ಹದ ಬೇಕಾಗಿಲ್ಲ. ಗಟ್ಟಿ ಚಿಪ್ಪಾಗದೆ ಮೆತ್ತಗೆ ನಿಲ್ಲುತ್ತೆ, ಚಾಕು ಇಟ್ಟರೆ ಒಡೆಯೋದಿಲ್ಲ.

ಅಳತೆ ಸುಲಭ. ಚಾಕೊಲೇಟು 200 ಗ್ರಾಂ, ಕೆನೆ 200 ಗ್ರಾಂ, ಉಪ್ಪಿಲ್ಲದ ಬೆಣ್ಣೆ 25 ಗ್ರಾಂ, ಜೇನು ಒಂದು ಚಮಚ. ನಾವು ಹಾಲು ಕಾಯಿಸಿ ತೆಗೆದ ಕೆನೆ ಹಾಕಿ ಮೊದಲು ಕೆಟ್ಟೆವು. ಅದು ಗಂಟು ಗಂಟು. ಹೊಳಪಿನ ಶತ್ರು. ಕೆನೆ ಬದಲು 150 ಗ್ರಾಂ ಹಾಲು, 50 ಗ್ರಾಂ ಬೆಣ್ಣೆ ತೆಗೆದುಕೊಂಡರೆ ಕೊಬ್ಬಿನ ಲೆಕ್ಕ ಹೆಚ್ಚು ಕಮ್ಮಿ ಅಂಗಡಿಯ ಕೆನೆಯಷ್ಟೇ ಆಗುತ್ತೆ. ಹಾಗೆ ಮಾಡುವಾಗ ಮೇಲಿನ 25 ಗ್ರಾಂ ಬೆಣ್ಣೆ ಬೇಡ. ಮನೆಯ ಬೆಣ್ಣೆಯಾದರೆ ಮಜ್ಜಿಗೆ ಹೋಗುವಂತೆ ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಹುಳಿ ಉಳಿದರೆ ಹಾಲು ಒಡೆಯುತ್ತೆ.

ಹಾಲು, ಬೆಣ್ಣೆ, ಜೇನು ಒಟ್ಟಿಗೆ ಕಾಯಿಸಿ. ಅಂಚಿನಲ್ಲಿ ಗುಳ್ಳೆ ಬಂದ ಕೂಡಲೇ ಇಳಿಸಿ, ಸಣ್ಣಗೆ ಹೆಚ್ಚಿದ ಚಾಕೊಲೇಟಿನ ಮೇಲೆ ಹುಯ್ಯಿರಿ. ಎರಡು ನಿಮಿಷ ಮುಟ್ಟಬೇಡಿ. ಆಮೇಲೆ ನಡುವಿನಿಂದ ಹೊರಕ್ಕೆ ನಿಧಾನ ತಿರುಗಿಸಿ. ಮಜ್ಜಿಗೆ ಕಡೆದ ಹಾಗೆ ಕಡೆಯಬಾರದು, ಗಾಳಿ ಗುಳ್ಳೆ ಸೇರಿಕೊಳ್ಳುತ್ತೆ. ಎಣ್ಣೆ ಬಿಟ್ಟುಕೊಂಡು ಒಡೆದ ಹಾಗೆ ಕಂಡರೆ ಗಾಬರಿ ಬೇಡ, ಬಿಸಿ ಹಾಲು ಒಂದೊಂದೇ ಚಮಚ ಹಾಕಿ ತಿರುಗಿಸಿದರೆ ಕೂಡಿಕೊಳ್ಳುತ್ತೆ. ಸಣ್ಣ ಜರಡಿಯಲ್ಲಿ ಸೋಸಿ. ಬೆರಳಿಗೆ ಉಗುರು ಬೆಚ್ಚಗೆ, ಅಂದರೆ ಸುಮಾರು 35 ಡಿಗ್ರಿ ಆದಾಗ, ತಣ್ಣಗಿರುವ ಕೇಕಿನ ನಡುವಿಗೆ ಒಂದೇ ಸಲ ಸುರಿಯಿರಿ. ತಾನಾಗಿ ಹರಿಯಲಿ. ಸುರಿದ ಮೇಲೆ ಚಾಕು, ಚಮಚ ಆಡಿಸಿದರೆ ಹೊಳಪು ಹೋಯಿತು ಅಂತಲೇ.

ಯಾಕೆ ಅಂದರೆ, ಗಾಳಿ ಇಲ್ಲದ ಮುಂಜಾನೆ ಕೆರೆಯಲ್ಲಿ ಬೆಟ್ಟ ತಲೆಕೆಳಗಾಗಿ ಕಾಣುತ್ತೆ, ಗಾಳಿ ಎದ್ದರೆ ಬೆಟ್ಟ ಮಾಯ. ನೀರು ಅದೇ, ಮೈ ಮಾತ್ರ ಕದಡಿತು. ಹೊಳಪು ಅನ್ನೋದು ಇಷ್ಟೇ, ಮೈ ಸಮ ಇರೋದು. ಗಾಳಿ ಗುಳ್ಳೆ, ಕೋಕೋದ ಗಂಟು, ಸಕ್ಕರೆಯ ಹರಳು, ಕೇಕಿನ ಪುಡಿ, ಇವೇ ಅದನ್ನು ಕೆಡಿಸೋದು. ಜೇನು ಹಾಕೋದು ಸಕ್ಕರೆ ಹರಳು ಕಟ್ಟದಿರಲಿ ಅಂತ. ಜಾಮೂನಿನ ಪಾಕಕ್ಕೆ ನಿಂಬೆ ಹಿಂಡೋದೂ ಇದೇ ಕಾರಣಕ್ಕೆ. ಜೇನಿನ ಬದಲು ಬೆಲ್ಲ ಹಾಕಬೇಕೆಂದರೆ ಹಾಲಿನ ಜೊತೆ ಕುದಿಸಬೇಡಿ, ಒಡೆಯುತ್ತೆ. ಪಾಕ ಮಾಡಿ ಸೋಸಿ, ಆರಿದ ಮೇಲೆ ಕೊನೆಗೆ ಸೇರಿಸಿ.

ಚಾಕೊಲೇಟು ಕೈಗೆಟುಕದವರಿಗೆ ಕೋಕೋ ಪುಡಿ ಇದೆ. ಸಕ್ಕರೆ 100 ಗ್ರಾಂ, ನೀರು 100 ಗ್ರಾಂ, ಜರಡಿ ಹಿಡಿದ ಕೋಕೋ ಪುಡಿ 40 ಗ್ರಾಂ. ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಚಮಚದ ಬೆನ್ನಿಗೆ ಅಂಟುವವರೆಗೆ ಕುದಿಸಿ, ಇಳಿಸಿ 40 ಗ್ರಾಂ ಬೆಣ್ಣೆ ಕರಗಿಸಿ ಸೋಸಿದರೆ ಆಯಿತು. ಅದೇ ದಿನ ತಿನ್ನುವ ಕೇಕಿಗೆ ಇದು ಚೆನ್ನ. ದೊಡ್ಡ ಬೇಕರಿಯ ಕನ್ನಡಿ ಹೊಳಪಿಗೆ ಜೆಲಟಿನ್ ಹಾಕ್ತಾರೆ. ಅದು ದನ, ಹಂದಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ತಿನ್ನುವವರಿಗೆ ಅಭ್ಯಂತರ ಇಲ್ಲ, ತಿನ್ನದವರಿಗೆ ಹೇಳಿ ಮಾರಬೇಕು. ಅವಳು ಹಾಕೋದಿಲ್ಲ. ನಮ್ಮ ಕಡೆ ಹುಟ್ಟುಹಬ್ಬಕ್ಕೆ ದೇವರ ಮುಂದೆ ಇಟ್ಟ ಮೇಲೇ ಕೇಕು ಕೊಯ್ಯುವ ಮನೆಗಳು ಬೇಕಾದಷ್ಟಿವೆ.

ಇನ್ನೊಂದು ಮಾತು. ಫ್ರಿಜ್ಜಿನಿಂದ ತೆಗೆದ ಕೇಕಿನ ಡಬ್ಬ ಕೂಡಲೇ ತೆರೆಯಬೇಡಿ. ಹೊರಗಿನ ಬಿಸಿಗಾಳಿಯ ತೇವ ತಣ್ಣಗಿನ ಮೈ ಮೇಲೆ ಇಬ್ಬನಿಯಾಗಿ ಕೂತು ಮಂಕು ಮಾಡುತ್ತೆ. ಡಬ್ಬ ಮುಚ್ಚಿಟ್ಟೇ ಅರ್ಧ ಗಂಟೆ ಹೊರಗಿಡಿ.

ಲೆಕ್ಕ ನೋಡೋಣ

"ನಿಜವಾದ ಚಾಕೊಲೇಟಿನ ಬೆಲೆ ನಮಗೆ ಕಟ್ಟುತ್ತಾ?" ಅನ್ನೋದು ನನ್ನ ಹೆಂಡತಿಯ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ತೂಕ ಹಾಕಿ ನೋಡಿದೆವು. ಒಂದು ಕೆ.ಜಿ. ಕೇಕು ಮುಚ್ಚಲು ಮೇಲಿನ ಮಿಶ್ರಣ ಸುಮಾರು 300 ಗ್ರಾಂ ಸಾಕು. ಅದರಲ್ಲಿ ಚಾಕೊಲೇಟು 150 ಗ್ರಾಮಿಗಿಂತ ಕಮ್ಮಿ. ಕಾಂಪೌಂಡಾದರೆ ಅಷ್ಟೂ ಕೊಂಡದ್ದೇ ಆಗಬೇಕು. ಇಲ್ಲಿ ಅರ್ಧ ನಮ್ಮ ಕೊಟ್ಟಿಗೆಯದ್ದು. ಬೆಲೆಯ ವ್ಯತ್ಯಾಸ ಕೆ.ಜಿ.ಗೆ ನೋಡಿದರೆ ಹೆದರಿಕೆ ಆಗುತ್ತೆ, 150 ಗ್ರಾಮಿಗೆ ನೋಡಿದರೆ ಅಷ್ಟಿಲ್ಲ. ಅದಕ್ಕಿಂತ ಹೆಚ್ಚಿನದು ಸುರಿದು ಸುಮ್ಮನಿರುವ ತಾಳ್ಮೆ, ಸೋಸುವ ಕೆಲಸ, ಅವಳ ಎರಡು ಗಂಟೆ. ಈ ಎರಡು ಗಂಟೆಗೆ ಅವಳು ಬೆಲೆ ಹಾಕ್ತಿರಲಿಲ್ಲ. ನಾವು ರೈತರು ನಮ್ಮ ಮೈ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ ಹಾಳಾದದ್ದು ಸಾಲದೆ ಮಕ್ಕಳಿಗೂ ಅದನ್ನೇ ಕಲಿಸಿದ್ದೇವೆ. ಈಗ ಹಿಡೀತಾಳೆ.

ಎಲ್ಲರೂ ಒಪ್ಪಿದರು ಅಂತ ಹೇಳಿದರೆ ಸುಳ್ಳಾಗುತ್ತೆ. ಬೆಣ್ಣೆಯ ಹೊಳಪು ಕಾಂಪೌಂಡಿನ ಹಾಗೆ ಮೂರು ದಿನ ನಿಲ್ಲೋದಿಲ್ಲ. ಬಿಸಿಲಿಗೆ ಬೈಕಿನಲ್ಲಿ ಒಯ್ದರೆ ಜಾರುತ್ತೆ. ಕೆಲವರು ಈಗಲೂ "ಆ ಹೊಳೆಯೋದೇ ಕೊಡಮ್ಮ, ನೂರು ರೂಪಾಯಿ ಕಮ್ಮಿ ಅಲ್ವಾ" ಅಂತಾರೆ. ಮಗಳು ಅವರಿಗೆ ಅದನ್ನೇ ಕೊಡ್ತಾಳೆ. ಬೇಡ ಅಂತ ನಾನು ಒಂದು ಸಲ ಹೇಳಿದೆ. "ನೀನು ಗೊಬ್ಬರ ಹಾಕೋದು ಬಿಡು ಅಂದ್ರೆ ಬಿಡ್ತೀಯಾ, ಒಂದೇ ಸಲಕ್ಕೆ?" ಅಂದಳು. ಅದಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ. ಆದರೆ ಒಂದು ಒಪ್ಪಂದ ಆಯಿತು. ಎರಡು ಬಗೆ, ಎರಡು ಬೆಲೆ, ಡಬ್ಬದ ಮೇಲೆ ಯಾವುದು ಯಾವುದರಿಂದ ಮಾಡಿದ್ದು ಅಂತ ಕನ್ನಡದಲ್ಲಿ ಚೀಟಿ. ಸುಳ್ಳು ಹೇಳಿ ಮಾರೋದಿಲ್ಲ. ಚೀಟಿ ಓದಿದವರಲ್ಲಿ ಕೆಲವರು ಬೆಣ್ಣೆಯದ್ದಕ್ಕೆ ತಿರುಗಿದ್ದಾರೆ. ಮಕ್ಕಳಂತೂ ಬೆರಳಲ್ಲಿ ನೆಕ್ಕಿ ನೋಡಿ ಯಾವುದು ಅಂತ ಹೇಳ್ತಾವೆ. ಕಾಂಪೌಂಡಿನ ಎಣ್ಣೆ ಅಂಗುಳಿಗೆ ಮೇಣದ ಹಾಗೆ ಅಂಟುತ್ತೆ, ನಿಜವಾದ್ದು ಕರಗಿ ಹೋಗುತ್ತೆ. ನಾಲಿಗೆಗೆ ಅಷ್ಟು ಬುದ್ಧಿ ಇದೆ, ಕೇಳುವ ವ್ಯವಧಾನ ನಮಗಿಲ್ಲ.

ನಾನು ಹೇಳೋದು ಇಷ್ಟು. ಹೊಳಪು ಕೆಟ್ಟದ್ದಲ್ಲ. ಮಗುವಿನ ಮುಖ ಕೇಕಿನಲ್ಲಿ ಕಂಡರೆ ಯಾರಿಗೆ ಬೇಡ? ಆದರೆ ಅದು ಕೆಲಸದ ಹದದಿಂದ ಬಂದ ಹೊಳಪೋ, ಮೇಲೆ ಬಳಿದ ಹೊಳಪೋ ಅಂತ ಕೇಳುವ ಅಭ್ಯಾಸ ಬೇಕು. ನಮ್ಮ ಮಾಲನ್ನು ಮೇಲ್ಪದರ ನೋಡಿ ಬೆಲೆ ಕಟ್ಟುವ ವ್ಯಾಪಾರಿಗೆ ಶಾಪ ಹಾಕುವ ನಾವು, ಇನ್ನೊಬ್ಬ ಬೆಳೆಗಾರನ ಮಾಲನ್ನು ಕೊಳ್ಳುವಾಗ ಮೇಲ್ಪದರವನ್ನೇ ನೋಡಿದರೆ ಹೇಗೆ? ಹಳ್ಳಿಗಳಲ್ಲಿ ಕೇಕು ಮಾಡಿ ಮಾರುವ ಹೆಣ್ಣುಮಕ್ಕಳು ಈಗ ಬಹಳ ಮಂದಿ ಇದ್ದಾರೆ. ಅವರ ಮನೆಯಲ್ಲಿ ಹಾಲಿದೆ, ಬೆಣ್ಣೆ ಇದೆ. ಕೋಕೋ ನಮ್ಮದೇ ರಾಜ್ಯದ್ದು ಸಿಗುತ್ತೆ. ಒಂದು ಸಲ ಮಾಡಿ ನೋಡಲಿ.

ಟೊಮ್ಯಾಟೊ ಪೆಟ್ಟಿಗೆಯ ವಿಷಯ ಏನಾಯಿತು ಅಂತ ಕೇಳ್ತೀರಾ? ಈ ಸಲದ ಕೊಯ್ಲಿನಲ್ಲಿ ದಪ್ಪ, ಸಣ್ಣ ಬೇರೆ ಬೇರೆ ಪೆಟ್ಟಿಗೆ ಮಾಡಿ, ಮೇಲೆ ಕೆಳಗೆ ಒಂದೇ ಥರ ತುಂಬಿದೆ. ದಪ್ಪದ್ದಕ್ಕೆ ಬೆಲೆ ಬಂತು. ಸಣ್ಣದ್ದಕ್ಕೆ ಬರಲಿಲ್ಲ. ಮೊದಲಿಗಿಂತ ಒಟ್ಟು ಲಾಭವೋ ನಷ್ಟವೋ ಇನ್ನೊಂದು ಕೊಯ್ಲು ನೋಡಿ ಹೇಳಬೇಕು. ಹೀಗೆ ಮಾಡಿ ನೋಡಿದವರು ಬೇರೆ ಯಾರಾದರೂ ಇದ್ದರೆ ತಮ್ಮ ಲೆಕ್ಕ ಬರೆಯಲಿ. ಕೇಕಿನದ್ದಾದರೂ ಸರಿ, ಟೊಮ್ಯಾಟೊದ್ದಾದರೂ ಸರಿ.